ನೀಲವ್ವ ಎಂದು ಓದಿ ಹೇಳಿದವರು

ಅವರ ಬಲಗಣ್ಣಿನಲ್ಲಿ ಹಾಲಿನ ಕೆನೆಯಂಥ ಪೊರೆ ಬೆಳೆದಿತ್ತು. ಹಾಗಾಗಿ ಹಳೆಯ ದಫ್ತರವನ್ನು ಎಡಗೆನ್ನೆಗೆ ತಾಗುವಷ್ಟು ಹತ್ತಿರ ಹಿಡಿದು, ಮಲಗಿದ ಮಗುವಿನ ಉಸಿರು ಆಲಿಸುವವರಂತೆ ಕುತ್ತಿಗೆ ಓರೆ ಮಾಡಿ ಓದುತ್ತಿದ್ದರು.

ಮುದ್ದೇಬಿಹಾಳದ ಭೂದಾಖಲೆಗಳ ಕೋಣೆಯಲ್ಲೇ ಅವರ ನೌಕರಿಯೆಲ್ಲ ಕಳೆದಿತ್ತು. ಹಳೆಯ ಕೈಬರಹ ಬೇರೆ ಯಾರಿಗೂ ಓದಲು ಬಾರದೆ, ನಿವೃತ್ತರಾದ ಮೇಲೂ ಕಚೇರಿಯವರು ಅವರನ್ನೇ ಕರೆಸುತ್ತಿದ್ದರು. ಎಲ್ಲರಿಗೂ ಅವರು ದಫ್ತರದ ಕಾಕಾ. ಹೊಲದ ಚಕಬಂದಿ ಓದುವಾಗ ಅವರ ದನಿ ಮೆತ್ತಗಾಗುತ್ತಿತ್ತು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬನ್ನಿಗಿಡ, ಉತ್ತರಕ್ಕೆ ತಾಳಿಕೋಟೆಯ ಬಂಡಿದಾರಿ. ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಕೇಳುತ್ತ ಕುಳಿತವರ ಮುಂದೆ ಈಗ ಇಲ್ಲದ ಹೊಲವೊಂದು ಮೆಲ್ಲನೆ ಹರಡಿಕೊಳ್ಳುತ್ತಿತ್ತು. ದಾಖಲೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಲು ಹೋದವರ ಕೈಯನ್ನು ಫೂಟುಪಟ್ಟಿಯಿಂದ ಪಕ್ಕಕ್ಕೆ ಸರಿಸುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ನಮ್ಮವ್ವನಿಗಾಗಿ. ಅವ್ವ ಬೆಳೆದದ್ದು ಇಂಡಿಯಲ್ಲಿ, ಸೋದರತ್ತೆಯ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ತಾಯಿ ಕೂಸನ್ನು ಬಿಟ್ಟು ಇನ್ನೊಂದು ಮನೆಗೆ ಹೋದಳೆಂದು ಅಲ್ಲಿ ಹೇಳಿದ್ದರು. ಆ ತಾಯಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಒಂದು ದಿನ, ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ, ಹೆತ್ತವಳ ಹೆಸರಾದರೂ ಗೊತ್ತಾಗಬೇಕಿತ್ತು ಎಂದಳು.

ಅವಳು ಹುಟ್ಟಿದ ಊರು ಎಂದೋ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ಉಳಿದಿದ್ದು ಕಾಗದ ಮಾತ್ರ. ಕಾಕಾ ಮೂರು ದಿನ ಹುಡುಕಿದರು. ನಾಲ್ಕನೆಯ ದಿನ ಅವ್ವನನ್ನೂ ಕರೆತರಲು ಹೇಳಿದರು.

ಅವ್ವನನ್ನು ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಓದಿದರು. ಅಪ್ಪನ ನಂತರ ಹೊಲವನ್ನು ಮಗಳ ಹೆಸರಿಗೆ ಬರೆಸಲಾಗಿತ್ತು. ಮಗಳು ಇನ್ನೂ ಕೂಸಾದ್ದರಿಂದ ಪಾಲಕಿಯ ಹೆಸರಿತ್ತು: ತಾಯಿ ನೀಲವ್ವ.

"ಅಕ್ಕಾರ, ನಿಮ್ಮವ್ವ ಹೊಲಕ್ಕ ತನ್ನ ಹೆಸರು ಹಚ್ಚಿಸಿಲ್ರಿ. ನಿಮ್ಮ ಹೆಸರು ಹಚ್ಚಿಸ್ಯಾಳ."

ಅವ್ವ ಎಲ್ಲೋ ದೂರದಿಂದ ಎಂಬಂತೆ ಕೇಳಿದಳು: "ಆಮ್ಯಾಲ ಎಲ್ಲಿಗಿ ಹೋದಳ್ರಿ?"

ಕಾಕಾ ಹಾಳೆ ತಿರುವಿದರು. ಎರಡು ವರ್ಷದ ನಂತರದ ಇನ್ನೊಂದು ನಮೂದು. ಪಾಲಕಿ ತೀರಿಕೊಂಡದ್ದರಿಂದ ಅವಳ ಜಾಗದಲ್ಲಿ ಇಂಡಿಯ ಅತ್ತೆಯ ಗಂಡನ ಹೆಸರು ಸೇರಿತ್ತು.

"ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಿಲ್ರಿ ಅಕ್ಕಾರ. ಸಾಯೂತನಕ ನಿಮ್ಮ ಜೋಡೀನ ಇದ್ದಳು."

ಕಾಕಾ ಹಾಳೆಯನ್ನು ಮತ್ತೆ ಹಿಂದಕ್ಕೆ ತಿರುವಿದರು. ಮೊದಲ ನಮೂದಿನ ಕೆಳಗೆ ನೀಲವ್ವನ ಮಸುಕಾದ ಹೆಬ್ಬೆಟ್ಟಿನ ಗುರುತಿತ್ತು. ಅವ್ವ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಕಾಕಾ ಫೂಟುಪಟ್ಟಿ ಎತ್ತಲಿಲ್ಲ. ಎದ್ದುಹೋಗಿ ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರು. ಆ ಹೊಲ ಆಮೇಲೆ ಯಾರ ಕೈಗೆ ಹೋಯಿತೆಂದು ಅವ್ವ ಕೇಳಲೇ ಇಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಹೊಸದಾಗಿ ಮಾತು ಕಲಿತವಳಂತೆ, ಆ ಹೆಸರನ್ನು ತನಗಷ್ಟೇ ಕೇಳುವಂತೆ ಹೇಳಿಕೊಳ್ಳುತ್ತಿದ್ದಳು.

ಹೋದ ವರ್ಷ ಕಾಕಾ ತೀರಿಕೊಂಡ ಸುದ್ದಿ ಬಂದಾಗ ಅವ್ವ ನನಗಿಂತ ಮೊದಲು ಹೊರಟು ನಿಂತಳು. ಅಲ್ಲಿ ಹೆಂಗಸರ ನಡುವೆ ಕೂತು ಅಳುತ್ತಿದ್ದವಳನ್ನು ಯಾರೋ, ನಿಮಗೆ ಇವರು ಏನಾಗಬೇಕು ಎಂದು ಕೇಳಿದರು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ನಮ್ಮ ತವರಮನಿಯವರ್ರಿ."