ಲೆಕ್ಕ ಬಾರದ ನರ್ಸಮ್ಮ

ನಮ್ಮ ಅಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಅಂಚಿನಲ್ಲಿ ಹಂಸ ಮೂಡಬೇಕಾದರೆ ಎಳೆ ಎಣಿಸಿ ಎತ್ತಬೇಕು. ನಾನು ಎತ್ತಿದರೆ ಹಂಸದ ಜಾಗದಲ್ಲಿ ಕೊಕ್ಕಿಲ್ಲದ ಯಾವುದೋ ಪ್ರಾಣಿ ಮೂಡುತ್ತಿತ್ತು. ಅಪ್ಪ ಬಯ್ಯುವವರಲ್ಲ. ಮಗ್ಗದ ಕುಣಿಯಿಂದ ತಲೆಯೆತ್ತಿ, "ನೀ ಹೋಗಿ ಆಡ್ಕ ಹೋಗವ್ವ" ಎನ್ನುತ್ತಿದ್ದರು.

ಶಾಲೆಯ ಮೇಷ್ಟ್ರು ಅಷ್ಟು ಮೆತ್ತಗಿನವರಲ್ಲ. ಕಳೆಯುವ ಲೆಕ್ಕ ಕೊಟ್ಟರೆ ನಾನು ಕೂಡುತ್ತಿದ್ದೆ. ಭಾಗಿಸಲು ಹೇಳಿದರೆ ಅಳುತ್ತಿದ್ದೆ. "ಇವಳ ತಲೆ ಒಳಗೆ ಬರೀ ಹೊಟ್ಟು ಐತೆ" ಎಂದು ಇಡೀ ತರಗತಿಗೆ ಸಾರಿದರು. ಹೆಣ್ಣುಮಕ್ಕಳಿಗೆ ವಿದ್ಯೆ ಕೊಡುವುದು ಪುಣ್ಯದ ಕೆಲಸವೆಂದು ವರ್ಷಕ್ಕೊಮ್ಮೆ ಅಮಲ್ದಾರರ ಮುಂದೆ ಭಾಷಣ ಮಾಡುತ್ತಿದ್ದವರೂ ಅವರೇ.

ಮದುವೆಯಾಯಿತು. ಗಂಡನ ಮೀಸೆ ಸರಿಯಾಗಿ ಮೂಡುವ ಮುಂಚೆಯೇ ಅವರು ಜ್ವರದಲ್ಲಿ ಹೋದರು. ನಾನು ತವರಿಗೆ ಮರಳುವ ಹೊತ್ತಿಗೆ ಅಪ್ಪನೂ ಇರಲಿಲ್ಲ. ಮನೆಯ ಯಜಮಾನಿಕೆ ಚಿಕ್ಕಪ್ಪನದಾಗಿತ್ತು. ಅವರು ಬಹಳ ಮಡಿವಂತರು. ಸಂತೆಗೆ ಹೊರಟಾಗ ನಾನು ಎದುರಾದರೆ ಅಪಶಕುನವೆಂದು ಒಳಗೆ ಬಂದು ಕೂತು, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಆ ನೀರು ತಂದುಕೊಡುತ್ತಿದ್ದವಳೂ ನಾನೇ.

ಒಂದು ಬೇಸಿಗೆ ಅವ್ವನ ಕಾಲಿನ ಹುಣ್ಣು ಕೀವಾಗಿ, ಎತ್ತಿನ ಗಾಡಿಯಲ್ಲಿ ಚಳ್ಳಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹುಣ್ಣು ಕುಯ್ಯುವಾಗ ಅಲ್ಲಿನ ಆಳು ಮುಖ ತಿರುಗಿಸಿದ. ನಾನು ಕಾಲು ಹಿಡಿದು, ಬೋಗುಣಿಯನ್ನೂ ಹಿಡಿದೆ. ನಾನು ಮುಖ ತಿರುಗಿಸಲಿಲ್ಲ. ಮನೆಯಲ್ಲಿ ದಿನವೂ ಅದಕ್ಕಿಂತ ಕೆಟ್ಟದ್ದನ್ನು ನುಂಗುತ್ತಿದ್ದೆ.

"ಹೆದರಿಕೆ ಆಗಲಿಲ್ವೇನಮ್ಮ?" ಎಂದರು ಡಾಕ್ಟರು.

"ಇಲ್ರಿ."

ನರ್ಸ್ ಕೆಲಸ ಕಲಿಯಲು ಹೆಂಗಸರು ಬೇಕಾಗಿದ್ದಾರೆ, ಯಾರೂ ಬರುತ್ತಿಲ್ಲ ಎಂದು ಹೇಳಿ, "ಓದು ಬರುತ್ತಾ? ಲೆಕ್ಕ ಬರುತ್ತಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಅವ್ವ, "ಎಲ್ಲಾ ಬರತೈತ್ರಿ ಸ್ವಾಮಿ, ಲೆಕ್ಕ ಅಂತೂ ನೀರು ಕುಡದಂಗೆ" ಎಂದಳು. ಅಷ್ಟು ನೋವಿನಲ್ಲೂ ಅವಳಿಗೆ ಸುಳ್ಳು ಹೇಳುವಷ್ಟು ತ್ರಾಣವಿತ್ತು.

ಊರಿಗೆ ಬಂದಾಗ ಚಿಕ್ಕಪ್ಪ ಕೂಗಾಡಿದರು. "ಕಂಡೋರ ಹೇಲುಚ್ಚೆ ಬಾಚಾಕೆ ಹೋಗ್ತಾಳಂತೆ! ಮನೆತನದ ಮರ್ವಾದಿ ಏನಾಗ್ಬೇಕು? ಆಮ್ಯಾಕೆ ಇವಳು ಮುಟ್ಟಿದ ನೀರು ನಾ ಮುಟ್ಟಾಕಿಲ್ಲ."

ಅವ್ವ ಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, "ಈಗ ಬಾಚ್ತಿರೋದು ಯಾರದ್ದಪ್ಪಾ? ನಿನ್ನ ಮಕ್ಕಳದ್ದೇ ಅಲ್ವಾ? ಅಲ್ಲಾದ್ರೆ ಸಂಬಳ ಕೊಡ್ತಾರೆ" ಎಂದಳು. ಹೀಗೆ ನಾನು ಚಳ್ಳಕೆರೆ ಸೇರಿದೆ.

ಅವ್ವನ ಸುಳ್ಳು ಒಂದು ವಾರ ಬಾಳಲಿಲ್ಲ. ಆಸ್ಪತ್ರೆಯಲ್ಲಿ ಬಳ್ಳಾರಿ ಕಡೆಯ ಹಿರಿಯ ನರ್ಸಮ್ಮ ಒಬ್ಬರಿದ್ದರು. ಅವರು ರೋಗಿಗಳ ಜ್ವರ ನೋಡಿ ಹಲಗೆಯ ಮೇಲೆ ಬರೆದಿಡುತ್ತಿದ್ದರು, ನಾನು ಡಾಕ್ಟರಿಗೆ ಓದಿ ಹೇಳಬೇಕಿತ್ತು. ನೂರ ಒಂದು ಎಂದು ಬರೆದು, ಚುಕ್ಕೆ ಇಟ್ಟು, ನಾಲ್ಕು ಎಂದು ಬರೆದಿದ್ದರು. ಆ ಚುಕ್ಕೆಯನ್ನು ನಾನು ನೊಣದ ಕೊಳೆ ಎಂದುಕೊಂಡು ಸೆರಗಿನಿಂದ ಒರೆಸಿ, "ಸಾವಿರದ ಹದಿನಾಲ್ಕು ಡಿಗ್ರಿ ಐತ್ರಿ" ಎಂದೆ.

ಡಾಕ್ಟರು ರೋಗಿಯತ್ತ ನೋಡಿದರು. "ಹಾಗಾದ್ರೆ ಇವನನ್ನ ಕಮ್ಮಾರನ ಹತ್ರ ಕಳಿಸಿ. ಬಡಿದು ಕುಡುಗೋಲು ಮಾಡ್ಲಿ."

ರೋಗಿ ಇದನ್ನು ನಿಜವೆಂದು ನಂಬಿ ಅಳತೊಡಗಿದ. ಔಷಧಿ ಬೆರೆಸುವ ಕಾಂಪೌಂಡರಂತೂ ತಿಂಗಳುಗಟ್ಟಲೆ ನನ್ನನ್ನು 'ಸಾವಿರದಮ್ಮ' ಎಂದೇ ಕರೆದ. ದೇಹಶಾಸ್ತ್ರದಲ್ಲೂ ನನ್ನ ಪಾಂಡಿತ್ಯ ಇಷ್ಟೇ. ಗುಂಡಿಗೆ ಯಾವ ಕಡೆ ಇದೆ ಎಂದರೆ ಎದೆ ಮುಟ್ಟಿ ತೋರಿಸುತ್ತಿದ್ದೆ. ಎದುರಿಗಿರುವವರದನ್ನು ತೋರಿಸು ಎಂದರೆ ಕೈ ತಪ್ಪು ಕಡೆಗೇ ಹೋಗುತ್ತಿತ್ತು.

ಚಿತ್ರದುರ್ಗದಲ್ಲಿ ಪರೀಕ್ಷೆಯಾಯಿತು. ಪರೀಕ್ಷಕರು ಜರತಾರಿ ಪೇಟ ಸುತ್ತಿದ್ದ ದೊಡ್ಡ ಮನುಷ್ಯರು. "ಸೀಸೆಯಲ್ಲಿ ಒಂಬತ್ತು ಸಲದ ಔಷಧ ಇದೆ. ದಿನಕ್ಕೆ ಮೂರು ಸಲ ಕುಡಿದರೆ ಎಷ್ಟು ದಿನ ಬರುತ್ತೆ?" ಎಂದರು.

"ಒಂದೇ ದಿನ ಸ್ವಾಮಿ."

"ಅದು ಹೇಗಮ್ಮ?"

"ಜಲ್ದಿ ವಾಸಿ ಆಗ್ಲಿ ಅಂತ ಹೊತ್ತಾರೆನೇ ಎಲ್ಲಾ ಕುಡೀತಾರ್ರೀ."

ಅವರು ಪೇಟ ಅಲ್ಲಾಡುವಂತೆ ನಕ್ಕರು. ನಕ್ಕವರು ಅಂಕ ಕೊಡಲಿಲ್ಲ. ನಾನು ಫೇಲಾದ ಸುದ್ದಿಯನ್ನು ಚಿಕ್ಕಪ್ಪ ಮೊಳಕಾಲ್ಮೂರಿನ ಮಗ್ಗ ಮಗ್ಗಕ್ಕೂ ಹೋಗಿ ಹಂಚಿದರಂತೆ. ನನ್ನ ಮದುವೆಯ ವೀಳ್ಯವನ್ನೂ ಅವರು ಅಷ್ಟು ಮನಸ್ಸಿಟ್ಟು ಹಂಚಿರಲಿಲ್ಲ.

ಹಿರಿಯ ನರ್ಸಮ್ಮ ನನ್ನನ್ನು ಬಿಡಲಿಲ್ಲ. "ಏಡವದ್ದು ಅಮ್ಮಾಯಿ, ಅಳಬೇಡ. ನಿಂಗೆ ಲೆಕ್ಕ ಕಾಗದದ ಮ್ಯಾಗೆ ಬರಲ್ಲ, ಕೈಯಾಗೆ ಬರ್ತದೇನೋ ನೋಡಾಣ" ಎಂದು ಅಳತೆಯ ಗಾಜಿನ ಲೋಟವನ್ನೂ ಒಂದು ಕೊಡ ನೀರನ್ನೂ ಮುಂದಿಟ್ಟರು. ಸುರಿ, ಅರ್ಧಕ್ಕೆ ನಿಲ್ಲಿಸು, ಅದರ ಅರ್ಧ ಚೆಲ್ಲು, ಉಳಿದದ್ದು ಎಷ್ಟು ಹೇಳು. ಮಳೆಗಾಲ ಮುಗಿಯುವವರೆಗೆ ಆಸ್ಪತ್ರೆಯ ಹಿತ್ತಲು ನನ್ನ ವಿದ್ಯೆಯಿಂದಲೇ ಕೆಸರಾಗಿತ್ತು. ಮತ್ತೆ ಪರೀಕ್ಷೆಗೆ ಕೂತಾಗ ಹೇಗೋ ದಡ ಮುಟ್ಟಿದೆ. ನನಗಿಂತ ಕಡಿಮೆ ಅಂಕದವರು ಯಾರೂ ಪಾಸಾಗಿರಲಿಲ್ಲ.

ಮರು ವರ್ಷ ಚಿಕ್ಕಪ್ಪ ಗಾಡಿಯಲ್ಲಿ ಮಲಗಿಕೊಂಡು ಚಳ್ಳಕೆರೆಗೆ ಬಂದರು. ಹೊಟ್ಟೆ ಕಟ್ಟಿ, ಊದಿ, ನಗಾರಿಯಾಗಿತ್ತು. "ನಾ ಡಾಕ್ಟ್ರನ್ನ ನೋಡಾಕೆ ಬಂದಿರೋದು, ನಿನ್ನಲ್ಲ" ಎಂದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎನಿಮಾ ಕೊಡಿ ಎಂದು ಹೇಳಿ ಹೋದರು. ಗಂಡಸು ರೋಗಿಗಳನ್ನು ನೋಡಿಕೊಳ್ಳುವ ಆಳು ಅಂದು ಬಂದಿರಲಿಲ್ಲ. ಕಾಂಪೌಂಡರ್ ಹೇಗೋ ಮಾಯವಾಗಿದ್ದ. ಸೋಪಿನ ನೀರು, ರಬ್ಬರ್ ಕೊಳವೆ ಹಿಡಿದು ನಾನೇ ಹೋದೆ.

ಚಿಕ್ಕಪ್ಪ ಗೋಡೆಗೆ ಒತ್ತಿಕೊಂಡರು. "ಬ್ಯಾಡ! ನೀ ಮುಟ್ಟಿದ ನೀರು ನಂಗೆ ಬ್ಯಾಡ!"

"ಚಿಕ್ಕಪ್ಪ, ಇದು ಕುಡಿಯೋ ನೀರಲ್ಲ" ಎಂದೆ.

ಈ ಮಾತು ಹೇಳಿದಾಗ ನನಗಾದ ಸಂತೋಷವನ್ನು ಸುಳ್ಳು ಎನ್ನಲಾರೆ. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಪಂಚೆ ಸರಿಸಿದಾಗ ಬೆನ್ನಮೂಳೆ ಎಣಿಸುವ ಹಾಗೆ ಕಾಣುತ್ತಿತ್ತು. ಮಂಚದ ಕಾಲು ಹಿಡಿದುಕೊಂಡು ಅವರು "ಅವ್ವಾ, ಅವ್ವಾ" ಎಂದರು. ವರ್ಷಗಟ್ಟಲೆ ಕಾದಿದ್ದ ಸೇಡು ಕೈಗೆ ಬಂದಾಗ, ಕೈ ತನ್ನ ಪಾಡಿಗೆ ಅವರ ಸೊಂಟ ನೀವುತ್ತಿತ್ತು. ನನಗೇ ನನ್ನ ಮೇಲೆ ಸಿಟ್ಟು ಬಂತು. ಚಿಕ್ಕಪ್ಪ ವಾಸಿಯಾಗಿ ಊರಿಗೆ ಹೋಗಿ, ಡಾಕ್ಟರು ತಮಗೆಂದೇ ವಿಲಾಯತಿಯಿಂದ ತರಿಸಿದ್ದ ಔಷಧ ಕೊಟ್ಟರೆಂದು ಹೇಳಿಕೊಂಡರು. ಆ ಔಷಧ ಯಾವ ದಾರಿಯಿಂದ ಒಳಗೆ ಹೋಯಿತೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಆಮೇಲೆ ನನ್ನನ್ನು ಮೊಳಕಾಲ್ಮೂರಿಗೇ ಹಾಕಿದರು. ಊರಿನ ಸಾಹುಕಾರರು ಸ್ವಾಗತ ಸಭೆ ಏರ್ಪಡಿಸಿ, ವಿದ್ಯಾವಂತ ಹೆಣ್ಣು ಊರಿಗೆ ಕಳಶವಿದ್ದಂತೆ ಎಂದು ಬಹಳ ಹೊತ್ತು ಮಾತಾಡಿದರು. ಹಾರ ಹಾಕುವಾಗ, ಗಂಡ ಸತ್ತವಳಿಗೆ ಹೂವು ಹೇಗೆ ಹಾಕುವುದೆಂದು ಪೇಚಾಡಿ, ನನ್ನ ಪಾಲಿನದನ್ನೂ ಸಭೆಗೆ ಬಂದಿದ್ದ ಚಳ್ಳಕೆರೆಯ ಡಾಕ್ಟರ ಕೊರಳಿಗೇ ಹಾಕಿದರು. ನನಗೆ ಒಂದು ನಿಂಬೆಹಣ್ಣು ಸಿಕ್ಕಿತು.

ಸಭೆ ಮುಗಿದು ದೀಪ ಹಚ್ಚುವ ಹೊತ್ತಿಗೆ ಅದೇ ಸಾಹುಕಾರರ ಮನೆಯಿಂದ ಕರೆ ಬಂತು. ಸೊಸೆಗೆ ನೋವು ಶುರುವಾಗಿತ್ತು, ಮಗು ಕಾಲು ಮುಂದಾಗಿತ್ತು. ಶಕುನದ ಮಾತು ಯಾರೂ ಎತ್ತಲಿಲ್ಲ. ಆ ಹುಡುಗಿ ನನ್ನ ತೋಳಿಗೆ ಉಗುರು ಊರಿ, "ನನ್ನ ಬಿಟ್ಟು ಹೋಗಬ್ಯಾಡ್ರಿ ಅಕ್ಕ" ಎಂದಳು. "ಎಲ್ಲೂ ಹೋಗಲ್ಲ, ನಾ ಹೇಳಿದಾಗ ತಿಣುಕು" ಎಂದೆ. ಕಾಲು ಬಂತು, ಸೊಂಟ ಬಂತು, ತೋಳು ಬಿಡಿಸಿದೆ, ತಲೆ ಬಂತು. ನೀಲಿಗಟ್ಟಿದ್ದ ಹೆಣ್ಣುಮಗು ಬೆನ್ನುಜ್ಜಿದ ಮೇಲೆ ಕಿರುಚಿತು. ಹೆಣ್ಣೆಂದು ತಿಳಿದು ಸಾಹುಕಾರರು ಹೊರಗೆ ಕೆಮ್ಮಿದರು. ಸಭೆಯಲ್ಲಿ ಆಡಿದ ಕಳಶದ ಮಾತು ಅವರಿಗೆ ಮರೆತೇ ಹೋಗಿತ್ತು.

ಮಾರನೆಯ ದಿನ ಬಾಣಂತಿಯನ್ನು ನೋಡಲು ಹೋದೆ. ಜ್ವರ ಇರಲಿಲ್ಲ. ಮಗು ಎದೆ ಕಚ್ಚಿಕೊಂಡು ಗಟಗಟ ಹಾಲು ಕುಡಿಯುತ್ತಿತ್ತು.