ಬ್ಯಾನರಿನ ಕೊನೆಯ ಸಾಲು

ನನ್ನ ಕೈಬರಹ ಕೋಳಿ ಕೆದಕಿದಂತಿದೆ, ನನಗೆ ಬರುವ ಪದಗಳೂ ಕಡಿಮೆ, ಓದುವವರು ಕ್ಷಮಿಸಬೇಕು. ಅಮ್ಮನ ಕಾಯಿಲೆಯಿಂದಾಗಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಆದರೆ ಇಲ್ಲಿ ಬರೆಯುತ್ತಿರುವುದು ನನ್ನ ದೊಡ್ಡಮ್ಮನ ವಿಷಯ.

ದೊಡ್ಡಮ್ಮ ಬೋರ್ಡು ಬರೆಯುವವಳು. ಓದಿದ್ದು ನಾಲ್ಕನೇ ತರಗತಿ. ದೊಡ್ಡಪ್ಪನಿಂದ ಕುಂಚ ಹಿಡಿಯಲು ಕಲಿತು, ಅವರು ತೀರಿಕೊಂಡ ಮೇಲೆ ಮೂವತ್ತು ವರ್ಷ ಒಬ್ಬಳೇ ಅಂಗಡಿ ನಡೆಸಿದ್ದಾಳೆ. ಈಗ ಸೀಮೆಸುಣ್ಣದ ಪುಡಿ ಹಚ್ಚಿದ ದಾರದ ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದು ಅವಳು. ನಡುವೆ ಎಳೆದು ಬಿಟ್ಟರೆ ನೇರ ಗೆರೆ. ಶಿಕ್ಷಣ ಕಚೇರಿಯ ಪರೀಕ್ಷಾ ಪ್ರಕಟಣೆಗಳನ್ನೆಲ್ಲ ಬರೆಯುವವಳು ಅವಳೇ.

ಈ ವರ್ಷ ಅದೇ ಕಚೇರಿ ಹೊಸ ನಿಯಮ ತಂದಿತು: ಶಾಲೆ ಬಿಟ್ಟವರು ಮನೆಯಲ್ಲಿ ಓದಿಕೊಂಡು ಹತ್ತನೇ ತರಗತಿಯ ಪರೀಕ್ಷೆಗೆ ಕೂರುವಂತಿಲ್ಲ. ಎರಡು ವರ್ಷದಿಂದ ಬಣ್ಣದ ಡಬ್ಬಗಳ ನಡುವೆ ಕುಳಿತು ನಾನು ಓದುತ್ತಿದ್ದದ್ದು ಆ ಪರೀಕ್ಷೆಗೇ. ಕಾಲೇಜು ವಿದ್ಯಾರ್ಥಿಗಳು ಮೆರವಣಿಗೆಗೆ ಸಿದ್ಧರಾದರು. ಅವರ ಮುಂದಾಳು, ಕನ್ನಡಕದ ಹುಡುಗಿ, ಬ್ಯಾನರ್ ಬರೆಸಲು ನಮ್ಮಲ್ಲಿಗೆ ಬಂದಳು.

ಮರುದಿನ ಅವಳು ಬಂದು ಅಂಗಡಿಯ ಮುಂದೆ ಬ್ಯಾನರ್ ಬಿಡಿಸಿ ನೋಡಿದರೆ, "ಪರೀಕ್ಷೆಯ ಬಾಗಿಲು ಮುಚ್ಚಬೇಡಿ" ಎಂಬುದರ ಕೆಳಗೆ "ವಿವರಗಳಿಗೆ ಸಂಪರ್ಕಿಸಿ" ಎಂದು ಶಿಕ್ಷಣ ಕಚೇರಿಯ ಫೋನ್ ನಂಬರು. ಕಚೇರಿಯ ಪ್ರಕಟಣೆಗಳ ಕೆಳಗೆ ಅದನ್ನೇ ಬರೆದ ಮೂವತ್ತು ವರ್ಷದ ಅಭ್ಯಾಸ, ದೊಡ್ಡಮ್ಮನ ಕೈ ತಾನಾಗಿಯೇ ಬರೆದಿತ್ತು. ಪ್ರತಿ ಸಾಲನ್ನೂ ಎರಡೆರಡು ಸಲ ನೋಡುವ ನಾನೂ ಸರಿಯಿದೆ ಎಂದಿದ್ದೆ. ನಂಬರೇನೋ ಸರಿಯಾಗಿಯೇ ಇತ್ತು.

"ಅಳಿಸೋಕಾಗಲ್ವಾ ಆಂಟಿ?"

"ಒಣಗಿದೆ ಕಣಮ್ಮ. ಇರ್ಲಿ ಬಿಡು, ಕೇಳೋರು ಅವರನ್ನೇ ಕೇಳ್ಲಿ. ನಮ್ಮನ್ನ ಕೇಳಿದ್ರೆ ನಮಗೇನ್ ಗೊತ್ತು?"

ಮೆರವಣಿಗೆ ಅದೇ ಬ್ಯಾನರ್ ಹಿಡಿದು ಊರು ಸುತ್ತಿತು. ಜನ ಕೇಳಿದರು. ಶಾಲೆ ಬಿಟ್ಟ ಮಕ್ಕಳ ತಾಯಂದಿರು, ಹೊಲಿಗೆ ಕೆಲಸದ ಹುಡುಗಿಯರು, ಒಬ್ಬ ಅಜ್ಜ ಕೂಡ. ಎರಡು ದಿನ ಕಚೇರಿಯ ಫೋನಿಗೆ ಉಸಿರಾಡಲು ಬಿಡುವಿರಲಿಲ್ಲ. ಮೂರನೆಯ ದಿನ ಕಚೇರಿಯ ಗುಮಾಸ್ತರು ಅಂಗಡಿಗೆ ಬಂದರು. ನಾನು ಡಬ್ಬಗಳ ಹಿಂದೆ ಸರಿದೆ.

"ನಮ್ಮ ನಂಬರ್ ಹಾಕಿದ್ದು ಯಾರ್ರೀ?"

"ನಾನೇ ಸ್ವಾಮಿ. ಯಾವಾಗ್ಲೂ ನಾನೇ ತಾನೆ ಹಾಕೋದು? ಯಾವ್ದಾದ್ರೂ ಅಂಕಿ ತಪ್ಪಿದ್ಯಾ?"

ಗುಮಾಸ್ತರು ಸಿಟ್ಟಾಗಲು ನೋಡಿದರು, ನಗು ಬಂದುಬಿಟ್ಟಿತು. ಜೇಬಿನಿಂದ ಒಂದು ಹಾಳೆ ತೆಗೆದರು.

"ಸಾಹೇಬ್ರು ವಿದ್ಯಾರ್ಥಿಗಳನ್ನ ಕರೆಸಿ ಮಾತಾಡಿದ್ರು. ಈ ವರ್ಷ ಹಳೇ ನಿಯಮಾನೇ. ಬೇಗ ಬೋರ್ಡು ಬರ್ಕೊಡಿ. ನಂಬರ್ ಮಾತ್ರ ಬೇಡ."

ಆ ಬೋರ್ಡಿಗೆ ಗೆರೆ ಹೊಡೆಯುವಾಗ ದಾರದ ನನ್ನ ತುದಿ ಅಲುಗಲಿಲ್ಲ.

ಸೋಮವಾರದಿಂದ ಅರ್ಜಿ ಕೊಡುತ್ತಾರೆ. ನಾನು ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಅರ್ಜಿಯನ್ನು ದೊಡ್ಡಮ್ಮನಿಂದ ಬರೆಸದೆ ನನ್ನ ಅಕ್ಷರದಲ್ಲೇ ತುಂಬುತ್ತೇನೆ.