ಉಗುರುಬಣ್ಣದ ಬೆಕ್ಕಿನವಳು

ಮೇಘನಾ, ಓಂಕಾರಾ,

ಮೊನ್ನೆ ಮೇಘನಾ ಕಿಟಕಿಯ ಹತ್ತಿರ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳಲ್ಲ, ಆ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಸೀಯುತ್ತಿದ್ದರೂ ನಾನು ಸುಮ್ಮನೆ ನಿಂತುಬಿಟ್ಟೆ. ಹೊಲಿಗೆ ಮಷಿನ್ನಿನ ಖಾನೆಯಲ್ಲಿ, ಗುಂಡಿಗಳ ಡಬ್ಬಿಯೊಳಗೆ, ಚದುರಂಗದ ಒಂದು ಕಾಲಾಳು ಇದೆ. ತಲೆಗೆ ಮೇಣದ ಎರಡು ಕಿವಿ, ಹಿಂದೆ ತಂತಿಯ ಬಾಲ, ಮೈತುಂಬ ಕಿತ್ತಳೆ ಉಗುರುಬಣ್ಣ. ಇದು ಯಾರದೆಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನನಗೆ ಮಾತು ಮೊದಲಿನಿಂದಲೂ ಕಷ್ಟ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈ ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಈ ಮರಾಠಿ ಊರಿನ ಸದಾಶಿವ ಪೇಠೆಯಲ್ಲಿ, ನಾಲ್ಕಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯ ಕೆಳಗಿನ ಎರಡು ಖೋಲಿಗಳಲ್ಲಿ ಇದ್ದೆವು. ನಿಮ್ಮ ಅಜ್ಜ ಒಂದು ಬೆಳಿಗ್ಗೆ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದವರು ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದರು. ನಿಮ್ಮಮ್ಮ ಆಗ ಐದನೇ ಇಯತ್ತೆ ಓದುತ್ತಿದ್ದಳು. ಹಿಂದೆ ಕೂರಲು ಪಾಟೀಚೀಲ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವತ್ತು ನಿಂತ ಅವಳ ಮಾತು ತಿಂಗಳುಗಟ್ಟಲೆ ಮರಳಲಿಲ್ಲ. ಅಳು ಕೂಡ ಇಲ್ಲ. ಗಂಟಲು ಸರಿಯಾಗಿಯೇ ಇದೆ ಎಂದರು ಡಾಕ್ಟರು. ಬೆಳಗಾವಿಯಿಂದ ನಿಮ್ಮ ಅಜ್ಜನ ಅಣ್ಣ ಬಂದು ನೋಡಿ, ಇದು ಗಾಳಿಯ ಕಾಟ ಎಂದರು. ಅವರ ಕಡೆ ಗಾಳಿ ಬಿಡಿಸುವವನೊಬ್ಬ ಇದ್ದನಂತೆ. ಬೇವಿನ ಬರಲಿನಿಂದ ಹೊಡೆದು, ಮೆಣಸಿನಕಾಯಿಯ ಹೊಗೆ ಹಾಕಿ... ಮುಂದಿನ ಸಲ ಬಂದಾಗ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದರು. ಭಾವನವರ ಎದುರು ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ. ಬೇಡ ಎನ್ನಲಾಗದೆ ಅವರ ಚೀಲವನ್ನು ಅಂಗಳದವರೆಗೆ ತಂದುಕೊಟ್ಟೆ. ಆಮೇಲೆ ಯಾರು ಅಂಗಳದ ಬಾಗಿಲು ತಳ್ಳಿದರೂ ಅವರೇ ಬಂದರೇನೋ ಎಂದು ಮಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ.

ಮೇಲಿನ ಖೋಲಿಯಲ್ಲಿ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಕಾಲೇಜು ಓದುತ್ತಿದ್ದಳು. ನಿಮ್ಮಮ್ಮನಿಗೆ ಅವಳು ಮೇಲಿನಕ್ಕ. ಸಣ್ಣ ಆಳು, ಕತ್ತರಿಸಿದ ಕೂದಲು, ಮೆಟ್ಟಿಲನ್ನು ಎರಡೆರಡಾಗಿ ಇಳಿಯುವವಳು. ರವಿವಾರ ಮಧ್ಯಾಹ್ನ ಅವಳ ಗೆಳೆಯ ಗೆಳತಿಯರು ಬಂದು, ಯಾವುದೋ ದಪ್ಪ ಪುಸ್ತಕದ ಜೆರಾಕ್ಸ್ ಹಾಳೆ ಹರಡಿಕೊಂಡು ಒಂದು ಆಟ ಆಡುತ್ತಿದ್ದರು. ಅವಳು ಕತೆ ಹೇಳುವವಳು, ಉಳಿದವರು ಆ ಕತೆಯೊಳಗಿನ ಜನ. ಎದುರಿಗೆ ಹೊಳೆ ಇದೆ, ನಿನ್ನ ಮನುಷ್ಯ ಏನು ಮಾಡುತ್ತಾನೆ ಎಂದು ಅವಳು ಕೇಳಬೇಕು, ಅವರು ಬಾಯಿಬಿಟ್ಟು ಹೇಳಿ ದಾಳ ಉರುಳಿಸಬೇಕು. ಹೇಳದಿದ್ದರೆ ಅವನು ನಿಂತಲ್ಲೇ ನಿಂತಿರುತ್ತಾನೆ.

ಒಂದು ದಿನ ನಿಮ್ಮಮ್ಮನನ್ನೂ ಕರೆದು, ಆಟದಲ್ಲಿ ಇವಳೇ ನೀನು ಎಂದು ಈ ಕಾಲಾಳನ್ನು ಅವಳ ಕೈಗಿಟ್ಟಳಂತೆ. ಆ ಲೋಕದಲ್ಲಿ ಬೆಕ್ಕಿನ ಕುಲದವರು ಎಂದು ಒಂದು ಜನ. ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ ನಡೆಯುತ್ತಾರೆ, ಬಟ್ಟೆ ಉಡುತ್ತಾರೆ, ಬಂಡೆಗಳ ನಡುವೆ ಊರು ಕಟ್ಟಿಕೊಂಡಿರುತ್ತಾರೆ. ಮೈತುಂಬ ರೋಮ, ಉದ್ದ ಬಾಲ. ಓಣಿಯಾಚೆಯ ಹೆಜ್ಜೆಯ ಸಪ್ಪಳವೂ ಅವರಿಗೆ ಕೇಳುತ್ತದೆ. ಮನಸ್ಸು ಬಂದಾಗ ಮಾತ್ರ ಮಾತಾಡುತ್ತಾರೆ, ಅದಕ್ಕೆ ಯಾರೂ ಅವರನ್ನು ಬೈಯುವುದಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನಾನು ಕೆಳಗೆ ರೊಟ್ಟಿ ಬಡಿಯುತ್ತಿದ್ದೆ. ಮೇಲಿನಿಂದ ಗುರ್ ಎಂಬ ಸದ್ದು ಬಂತು. ನನ್ನ ಮಗಳ ಗಂಟಲು ನನಗೆ ತಿಳಿಯದೇ? ಇಷ್ಟು ತಿಂಗಳ ಮೇಲೆ ಮೊದಲ ದನಿ, ಅದೂ ಹೀಗೆ... ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದೆ. ಅವಳು ಚಾಪೆಯ ಮೇಲೆ ಅಂಗೈ ಊರಿ ಬಗ್ಗಿ ಕೂತಿದ್ದಳು. ಹಲ್ಲು ಕಾಣುತ್ತಿದ್ದವು. ನನ್ನ ಕಡೆ ತಿರುಗಿದ ಕಣ್ಣಿನಲ್ಲಿ ಗುರುತೇ ಇರಲಿಲ್ಲ. ಬೆಕ್ಕು ಅಡ್ಡ ಹೋದರೆ ಮನೆಗೆ ಮರಳಿ ನೀರು ಕುಡಿದು ಹೊರಡುವ ಊರಿನವಳು ನಾನು. ಭಾವನವರು ಹೇಳಿದ್ದೇ ನಿಜವಾಯಿತು ಎಂದುಕೊಂಡೆ. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರೆ ಚೂರೂ ಘಾಟು ಬರಲಿಲ್ಲ. ದೃಷ್ಟಿ ತಗುಲಿದ್ದರೆ ಘಾಟು ಬರುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಕೆಂಡ ಆರುವವರೆಗೂ ಅಲ್ಲೇ ಕೂತಿದ್ದೆ.

ಮರುದಿನ ಮೇಲಿನಕ್ಕ ಮೆಟ್ಟಿಲಿಳಿಯುವಾಗ ತಡೆದೆ. "ನಿನ್ನ ಕೈ ಮುಗೀತೀನವಾ, ಆ ಬೆಕ್ಕನ್ನ ಆಕಿ ಮೈಯಿಂದ ತಗದುಬಿಡು."

ಅವಳು ನಗಲಿಲ್ಲ. ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಆಕಿ ಬೆಕ್ಕಾಗಿಲ್ಲರಿ ಕಾಕೂ. ಬೆಕ್ಕಿನ ಹಿಂದ ಅಡಗಿ ನೋಡಲಿಕ್ಕತ್ತಾಳ, ಹೊರಗ ಬರಲೋ ಬ್ಯಾಡೋ ಅಂತ. ನೀವೂ ಬಂದು ಕೂಡ್ರಿ. ಅಕ್ಕಿ ಅಲ್ಲೇ ಆರಸ್ರಿ, ಬೇಕಾದ್ರ ನಮ್ಮ ಹುಡುಗೂರ ಕಡಿಂದನೂ ಆರಿಸೋಣು. ಭಾಳ ಶಾಣ್ಯಾ ಇದ್ದಾರ, ಹಳ್ಳು ಬಿಟ್ಟು ಅಕ್ಕೀನ ಒಗೀತಾರ."

ಹೋದೆ. ರವಿವಾರ ರವಿವಾರ ಮೊರ ಹಿಡಿದು ಬಾಗಿಲಲ್ಲಿ ಕೂತೆ. ಮಗಳು ಗುರುಗುಟ್ಟುತ್ತಿದ್ದಳು, ಕಾಲಾಳನ್ನು ಸರಿಸಿ ತೋರಿಸುತ್ತಿದ್ದಳು, ಮಾತು ಮಾತ್ರ ಇಲ್ಲ. ನನ್ನ ಹೆದರಿಕೆಯೂ ಹೋಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಭಾವನವರು ಬಂದೇಬಿಟ್ಟರು. ಕೆಳಗೆ ಯಾರೂ ಇಲ್ಲದ್ದು ನೋಡಿ ಸದ್ದು ಕೇಳಿದ ಕಡೆ ಹತ್ತಿ ಬಂದರು. ಸರಿಯಾಗಿ ಆಗಲೇ ನಿಮ್ಮಮ್ಮ ಗುರ್ ಎಂದಳು.

"ನೋಡಿದೇನವಾ? ನಾ ಏನ ಹೇಳಿದ್ದೆ?" ಎಂದವರೇ ನನ್ನನ್ನು ದಾಟಿ ಒಳಗೆ ಹೋಗಿ ಅವಳ ಮಣಿಕಟ್ಟು ಹಿಡಿದು ಎಬ್ಬಿಸಿದರು. "ನಡಿ, ಸಂಜೀ ಗಾಡಿಗೆ ಹೋಗೋಣು."

ಅವಳ ಗುರುಗುಟ್ಟುವಿಕೆ ನಿಂತುಹೋಯಿತು. ತಲೆ ಬಾಗಿತು. ಸ್ಕೂಟರಿನ ಪಕ್ಕ ನಿಂತಿದ್ದ ಅದೇ ಮುಖ ಮತ್ತೆ ಬಂತು. ಈಗ ಹೋದರೆ ಇವಳು ನನಗೆ ಇನ್ನು ಸಿಗುವುದಿಲ್ಲ ಎಂದು ಅನಿಸಿತು. ಎದ್ದು ನಿಂತೆ. ಸೆರಗು ತಲೆಗೆಳೆದುಕೊಂಡೆ. ಅಷ್ಟೇ ಆಯಿತು ನನ್ನಿಂದ.

ಮೇಲಿನಕ್ಕ ಜಗಳ ತೆಗೆಯಲಿಲ್ಲ. ಕೂತಲ್ಲೇ, ಕತೆ ಹೇಳುವ ದನಿಯಲ್ಲಿ ಕೇಳಿದಳು: "ಬೆಕ್ಕಿನಾಕಿ ಕೈ ಹಿಡದಾರ. ಬೆಕ್ಕಿನಾಕಿ ಏನ ಮಾಡ್ತಾಳ?"

"ಯಾವ ಬೆಕ್ಕಿನಾಕಿ? ಹುಚ್ಚರ ಸಂತೀನ ಇದು!" ಎಂದರು ಭಾವನವರು.

ನಿಮ್ಮಮ್ಮ ಬಾಗಿದ ತಲೆ ಎತ್ತಲಿಲ್ಲ. ಮೇಲಿನಕ್ಕ ದಾಳವನ್ನು ಉರುಳಿಸದೆ ಮುಷ್ಟಿಯಲ್ಲೇ ಬಿಗಿಹಿಡಿದಿದ್ದಳು. ಅವಳೂ ಹೆದರಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಾಗಲದಾಗ ಇನ್ನೊಬ್ಬಾಕಿ ನಿಂತಾಳ. ಆಕಿ ಏನ ಮಾಡ್ತಾಳ?"

ಎಲ್ಲರೂ ನನ್ನನ್ನೇ ನೋಡಿದರು. ಕೈಯಿಂದ ಮೊರ ಜಾರಿ ಅಕ್ಕಿ ಚೆಲ್ಲಿತು. "ಆಕಿ... ಆಕಿ ಬಾಗಲಾ ಬಿಡಂಗಿಲ್ಲ" ಎಂದೆ. ಎರಡೂ ಕೈ ಚೌಕಟ್ಟಿಗೆ ಊರಿದೆ. ಸೆರಗು ಜಾರಿತು. ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ.

ಆಗ ನಿಮ್ಮಮ್ಮ ತಲೆಯೆತ್ತಿದಳು. "ಕೈ ಬಿಡ್ರಿ ದೊಡ್ಡಪ್ಪಾ" ಎಂದಳು. ಒಡಕು ದನಿ, ಆದರೆ ಅವಳದೇ. "ನೋಯಲಿಕ್ಕತ್ತದ."

ಭಾವನವರ ಕೈ ತಾನಾಗಿಯೇ ಬಿಟ್ಟಿತು. ಅಲ್ಲೇ ಗೋಡೆಗೊರಗಿ ಕೂತು, ತಮ್ಮನ ಹೆಸರು ಹಿಡಿದು ಅತ್ತರು. ಕೆಟ್ಟವರಲ್ಲ ಅವರು. ಅವರಿಗೂ ಹೆದರಿಕೆಯೇ ಇತ್ತು.

ಓದು ಮುಗಿಸಿ ಹೊರಡುವ ದಿನ ಮೇಲಿನಕ್ಕ ಈ ಕಾಲಾಳನ್ನು ನನ್ನ ಕೈಯಲ್ಲಿಟ್ಟಳು. ಮಗಳಿಗೆ ಕೊಡಲು ಹೋದರೆ, "ಆಕಿಗೆ ಇನ್ನ ಬೇಕಾಗಂಗಿಲ್ಲರಿ. ನಿಮಗ ಇರಲಿ" ಎಂದಳು. ಎಷ್ಟೋ ವರ್ಷದ ಮೇಲೆ ಕಾಯಿಪಲ್ಲೆಯ ಮಂಡಿಯಲ್ಲಿ ಅವಳ ಆಟದ ಗೆಳತಿಯೊಬ್ಬಳು ಸಿಕ್ಕಳು. ಮೇಲಿನಕ್ಕ ಜ್ವರ ತಲೆಗೇರಿ ಹೋಗಿಬಿಟ್ಟಳಂತೆ... ಚಿಕ್ಕ ವಯಸ್ಸು. ಯಾವಾಗ, ಎಲ್ಲಿ, ಹತ್ತಿರ ಯಾರಿದ್ದರು ಎಂದು ಕೇಳಬೇಕಿತ್ತು. ಮರಾಠಿ ನಾಲಿಗೆಗೆ ಬರಲಿಲ್ಲ. ಕೊತ್ತಂಬರಿ ಸಿವುಡು ಹಿಡಿದು ತಲೆ ಅಲ್ಲಾಡಿಸಿ ಬಂದೆ.

ಕಾಲಾಳಿನ ಎಡಗಿವಿಗೆ ಬಣ್ಣವಿಲ್ಲ. ಹೆದರಿದಾಗಲೆಲ್ಲ ಹೆಬ್ಬೆರಳಿನಿಂದ ನಾನೇ ಉಜ್ಜಿ ಉಜ್ಜಿ ಹೋದದ್ದು. ನೀವಿಬ್ಬರೂ ಹುಟ್ಟಿದ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಉಜ್ಜಿದ್ದೂ ಅದರಲ್ಲಿ ಸೇರಿದೆ. ಮೇಘನಾ, ನಿನ್ನ ಶೀಶೆಯ ಬಣ್ಣ ಅದಕ್ಕೆ ಹೊಂದುತ್ತದೆ, ಆದರೂ ಹಚ್ಚಬೇಡ. ಈ ಹಾಳೆಗಳನ್ನು ಮಡಚಿ ಅದೇ ಗುಂಡಿಯ ಡಬ್ಬಿಯಲ್ಲಿ ಆ ಬೆಕ್ಕಿನವಳ ಕೆಳಗೆ ಹಾಸಿಡಿ. ಮನೆ ಬದಲಿಸಿದರೆ ಡಬ್ಬಿಯನ್ನು ಸಾಮಾನಿನ ಜೊತೆ ಕಳಿಸದೆ, ಕೈಯಲ್ಲೇ ಹಿಡಿದುಕೊಂಡು ಹೋಗಿರಪ್ಪಾ.